ಕೋಡ್ ಬರೆದು ಬದುಕು ಕಟ್ಟುವ ಲೆಕ್ಕ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಪ್ರೋಗ್ರಾಮರ್‌ಗಳ ಸಂಪಾದನೆಯ ಬಗ್ಗೆಯೇ ಇವೆ. ಒಂದೇ ಅರ್ಥದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಆರು ವರ್ಷದಿಂದ ಕಂಪನಿಯೊಂದರಲ್ಲಿ ಬ್ಯಾಕೆಂಡ್ (ಸರ್ವರ್ ಬದಿಯ ಕೋಡ್) ಕೆಲಸ ಮಾಡುತ್ತಿದ್ದೇನೆ. ಬಿಟ್ಟು ಫ್ರೀಲಾನ್ಸ್ ಮಾಡುವ ಯೋಚನೆ ಇದೆ. ಈಗಿನ ಸಂಬಳವನ್ನು ಗಂಟೆಗಳಿಂದ ಭಾಗಿಸಿ ಬಂದದ್ದನ್ನೇ ದರ ಎಂದು ಹೇಳಬಹುದೇ?

ಉತ್ತರ: ಹೇಳಿದರೆ ವರ್ಷದೊಳಗೆ ಮತ್ತೆ ನೌಕರಿ ಹುಡುಕುತ್ತೀರಿ. ವಾರಕ್ಕೆ 40 ಗಂಟೆಯಂತೆ 52 ವಾರಕ್ಕೆ 2080 ಗಂಟೆ ಆಗುತ್ತದೆ. ನೌಕರರಿಗೆ ರಜೆಯಲ್ಲೂ ಸಂಬಳ ಬರುವುದರಿಂದ ಅವರಿಗೆ ಆ ಭಾಗಾಕಾರ ಸರಿ. ನೀವು ಮಾತ್ರ ಸ್ವಂತ ರಜೆಗೆ 4 ವಾರ, ಸಾರ್ವಜನಿಕ ರಜೆಗೆ 2, ಕಾಯಿಲೆಗೆ 2 ಎಂದು ಕಳೆಯಬೇಕು. ಉಳಿಯುವುದು 44 ವಾರ, ಅಂದರೆ 1760 ಗಂಟೆ. ಅದೂ ಪೂರ್ತಿ ಬಿಲ್ ಆಗುವುದಿಲ್ಲ. ಹೊಸ ಕ್ಲೈಂಟ್ ಹುಡುಕುವುದು, ಕೊಟೇಶನ್ ಬರೆಯುವುದು, ಕೈಗೂಡದ ಕೆಲಸಕ್ಕೆ ನಾಲ್ಕು ಮೀಟಿಂಗ್, ಬಾಕಿಗಾಗಿ ಫೋನ್, ತೆರಿಗೆ ಕಾಗದ, ಹೊಸದನ್ನು ಕಲಿಯುವುದು ಇವಕ್ಕೆಲ್ಲ ಯಾರೂ ದುಡ್ಡು ಕೊಡುವುದಿಲ್ಲ. ನೂರಕ್ಕೆ 60 ಭಾಗ ಬಿಲ್ ಆದರೆ ಚೆನ್ನಾಗಿಯೇ ನಡೆಯುತ್ತಿದೆ ಎಂದರ್ಥ. ಅಲ್ಲಿಗೆ ವರ್ಷಕ್ಕೆ 1056 ಗಂಟೆ.

ಇನ್ನು ಖರ್ಚಿನ ಬಾಬತ್ತು. ಲ್ಯಾಪ್‌ಟಾಪ್, ಸಾಫ್ಟ್‌ವೇರ್ ಚಂದಾ, ಆರೋಗ್ಯ ವಿಮೆ, ನಿವೃತ್ತಿಗೆ ಕಂಪನಿ ಹಾಕುತ್ತಿದ್ದ ಪಾಲು, ಲೆಕ್ಕಪರಿಶೋಧಕರ ಶುಲ್ಕ, ಎಲ್ಲ ಈಗ ನಿಮ್ಮ ತಲೆಯ ಮೇಲೆ. ಇದಕ್ಕೆ ಸಂಬಳದ ಮೇಲೆ 30 ಶೇಕಡಾ ಇಟ್ಟುಕೊಳ್ಳಿ. ಸಂಬಳ 100 ಎಂದಾದರೆ 130ನ್ನು 1056ರಿಂದ ಭಾಗಿಸಬೇಕು. ಅದು 100ನ್ನು 2080ರಿಂದ ಭಾಗಿಸಿದ್ದಕ್ಕಿಂತ ಸುಮಾರು ಎರಡೂವರೆ ಪಟ್ಟು. ಕೇಳಿದ ಕ್ಲೈಂಟ್ ಹುಬ್ಬೇರಿಸಬಹುದು, ಆದರೆ ಇದರಲ್ಲಿ ಲಾಭ ಎಂಬುದು ಇನ್ನೂ ಸೇರಿಲ್ಲ. ಈಗಿನ ಜೀವನವನ್ನು ಹಾಗೇ ಉಳಿಸಿಕೊಳ್ಳುವ ದರ ಇದು, ಅಷ್ಟೇ.

ಕೆಲಸ ಬಿಡುವ ಮುನ್ನ ಕನಿಷ್ಠ ಆರು ತಿಂಗಳ ಮನೆಖರ್ಚು ಕೈಯಲ್ಲಿರಲಿ. ಮೊದಲ ತಿಂಗಳೇ ಕೆಲಸ ಸಿಕ್ಕರೂ ಅದನ್ನು ಮುಗಿಸಿ, ಬಿಲ್ ಕಳಿಸಿ, 30 ಅಥವಾ 45 ದಿನದ ಗಡುವು ದಾಟಿ ಹಣ ಬರುವ ಹೊತ್ತಿಗೆ ಮೂರು ತಿಂಗಳು ಸುಲಭವಾಗಿ ಸರಿದಿರುತ್ತದೆ. ದರ ಏರಿಸುವಾಗ ಮೊದಲು ಹೊಸ ಕ್ಲೈಂಟ್‌ಗಳಿಗೆ ಏರಿಸಿ. ಹಳಬರಿಗೆ ಎರಡು ತಿಂಗಳು ಮೊದಲೇ ಬರಹದಲ್ಲಿ ತಿಳಿಸಿ.

ಪ್ರಶ್ನೆ: ಇಡೀ ಕೆಲಸಕ್ಕೆ ಇಂತಿಷ್ಟು ಎಂದು ಒಪ್ಪಿಕೊಂಡೆ. ಈಗ ಕ್ಲೈಂಟ್ ದಿನಕ್ಕೊಂದು 'ಚಿಕ್ಕ ಬದಲಾವಣೆ' ಹೇಳುತ್ತಾರೆ. ಕೆಲಸ ಮುಗಿಯುತ್ತಲೇ ಇಲ್ಲ. ಏನು ಮಾಡಲಿ?

ಉತ್ತರ: ಈ ಕೆಲಸದಲ್ಲಿ ಆದ ನಷ್ಟವನ್ನು ಅರ್ಧಕ್ಕೆ ಇಳಿಸಬಹುದು. ಮುಂದಿನದರಲ್ಲಿ ಪೂರ್ತಿ ತಪ್ಪಿಸಬಹುದು.

ತೊಂದರೆ ಸಾಮಾನ್ಯವಾಗಿ ಕೊಟೇಶನ್ನಿನ ಒಂದು ಸಾಲಿನಲ್ಲೇ ಕೂತಿರುತ್ತದೆ. 'ಮೊಬೈಲ್ ನಂಬರ್ ಮೂಲಕ ಲಾಗಿನ್' ಎಂದು ಬರೆದು ಎರಡು ದಿನ ಎಂದಿರುತ್ತೀರಿ. ಅದರೊಳಗೆ ಏನೇನಿದೆ ನೋಡಿ. ಓಟಿಪಿ ಬರದಿದ್ದರೆ ಮತ್ತೆ ಕಳಿಸುವ ಬಟನ್ ಎಷ್ಟು ಸೆಕೆಂಡ್ ಬಿಟ್ಟು ತೆರೆಯಬೇಕು? ತಪ್ಪು ಸಂಖ್ಯೆ ಎಷ್ಟು ಸಲ ಹಾಕಿದರೆ ಖಾತೆ ತಡೆಯಬೇಕು, ಎಷ್ಟು ಹೊತ್ತು? ನಂಬರ್ ಬದಲಾಯಿಸಿದವರ ಹಳೆಯ ಖಾತೆ ಯಾರಿಗೆ ಸೇರಬೇಕು? ಯಾರೋ ಒಬ್ಬ ರಾತ್ರಿಯಿಡೀ ಸಾವಿರಾರು ಓಟಿಪಿ ಕೇಳಿ ಎಸ್‌ಎಂಎಸ್ ಬಿಲ್ ಏರಿಸಿದರೆ ಕಟ್ಟುವವರು ಯಾರು? ಇವೆಲ್ಲ ಕ್ಲೈಂಟ್ ಕಣ್ಣಿಗೆ 'ಲಾಗಿನ್' ಎಂಬ ಒಂದೇ ಮಾತು. ಅವರು ಮೋಸ ಮಾಡುತ್ತಿಲ್ಲ, ನೀವು ಬಿಡಿಸಿ ಬರೆದಿಲ್ಲ.

ಹಾಗಾಗಿ ಕೊಟೇಶನ್ನಿನಲ್ಲಿ ಮಾಡುವ ಕೆಲಸಗಳ ಪಟ್ಟಿಯ ಕೆಳಗೇ ಮಾಡದ ಕೆಲಸಗಳ ಪಟ್ಟಿಯೂ ಇರಬೇಕು. ಹಳೆಯ ಡೇಟಾ ತುಂಬಿಕೊಡುವುದು, ಎರಡನೇ ಭಾಷೆ, ಫೋಟೋ ಮತ್ತು ಬರಹ ಒದಗಿಸುವುದು, ಎಸ್‌ಎಂಎಸ್ ಮತ್ತು ಸರ್ವರ್ ಬಿಲ್: ಸೇರಿಲ್ಲ ಎಂದರೆ ಸೇರಿಲ್ಲ ಎಂದೇ ಬರೆಯಿರಿ. ದಿನಗಳ ಅಂದಾಜಿಗೆ ಮೂರು ಅಂಕಿ ಹಾಕಿ. ಎಲ್ಲ ಸರಿಹೋದರೆ 2 ದಿನ, ಸಾಮಾನ್ಯವಾಗಿ 4, ಎಲ್ಲ ಕೆಟ್ಟರೆ 12 ಎಂದಿಟ್ಟುಕೊಳ್ಳಿ. ನಡುವಿನ ಅಂಕಿಯನ್ನು ನಾಲ್ಕರಿಂದ ಗುಣಿಸಿ, ಉಳಿದೆರಡನ್ನು ಕೂಡಿಸಿ, ಆರರಿಂದ ಭಾಗಿಸಿದರೆ 5 ದಿನ ಬರುತ್ತದೆ. ನಾಲ್ಕು ಎಂದು ಬಾಯಿಗೆ ಬಂದದ್ದನ್ನು ಹೇಳಿಬಿಡುವುದಕ್ಕಿಂತ ಇದು ವಾಸಿ. ಮೂರನೇ ಅಂಕಿ ಮೊದಲನೆಯದರ ಹತ್ತು ಪಟ್ಟು ದಾಟಿತೆಂದರೆ ಆ ಕೆಲಸ ನಿಮಗಿನ್ನೂ ಅರ್ಥವಾಗಿಲ್ಲ. ಅದಕ್ಕೆ ಒಟ್ಟು ದರ ಹೇಳಬೇಡಿ. ಮೊದಲು ಒಂದು ವಾರದ ಅಧ್ಯಯನಕ್ಕೆ ಬೇರೆ ಬಿಲ್ ಮಾಡಿ.

ಹಣವನ್ನು 30, 30, 30, 10 ಎಂದು ಕಂತು ಮಾಡಿ. ಮೊದಲ 30 ಬಂದ ಮೇಲೆಯೇ ಕೆಲಸ ಶುರು. ಕೊನೆಯ ಕಂತು ಚಿಕ್ಕದಿರಬೇಕು, ಏಕೆಂದರೆ ಸಿಕ್ಕಿಹಾಕಿಕೊಳ್ಳುವುದು ಯಾವಾಗಲೂ ಅದೇ. ಕೆಲಸ ಒಪ್ಪಿಸಿದ 10 ದಿನದೊಳಗೆ ಬರಹದಲ್ಲಿ ಆಕ್ಷೇಪ ಬರದಿದ್ದರೆ ಒಪ್ಪಿಗೆಯಾದಂತೆ ಎಂಬ ಸಾಲು ಕರಾರಿನಲ್ಲಿರಲಿ. ಅದಿಲ್ಲದಿದ್ದರೆ 'ನಮ್ಮವರು ಇನ್ನೂ ನೋಡುತ್ತಿದ್ದಾರೆ' ಎಂಬ ಮಾತಿನಲ್ಲೇ ತಿಂಗಳುಗಳು ಹೋಗುತ್ತವೆ.

ಈಗಿನ ಕೆಲಸಕ್ಕೆ ಬಂದರೆ, ಹೊಸ ಬದಲಾವಣೆ ಕೇಳಿದಾಗ ಇಲ್ಲ ಎನ್ನಬೇಡಿ. 'ಆಗುತ್ತದೆ, ಒಂದೂವರೆ ದಿನ ಹೆಚ್ಚುತ್ತದೆ, ಇಷ್ಟು ಹಣ, ಮುಗಿಯುವ ದಿನಾಂಕ ಇಷ್ಟು ಮುಂದೆ ಹೋಗುತ್ತದೆ, ಒಪ್ಪಿಗೆಯೇ?' ಎಂದು ಮೇಲ್ ಹಾಕಿ. ಹಣ ಬೇಡವೆನಿಸುವಷ್ಟು ಸಣ್ಣದಾದರೆ ಸೊನ್ನೆ ಎಂದೇ ಬರೆದು ಕಳಿಸಿ, ಲೆಕ್ಕದಲ್ಲಿ ಅದು ಕಾಣಬೇಕು. ಅರ್ಧಕ್ಕರ್ಧ ಬದಲಾವಣೆಗಳು ಈ ಮೇಲ್ ನೋಡುತ್ತಿದ್ದಂತೆ ಅವಸರ ಕಳೆದುಕೊಳ್ಳುತ್ತವೆ.

ಪ್ರಶ್ನೆ: ಒಂದು ತಿಂಗಳು ಕೈತುಂಬ ಕೆಲಸ, ಮುಂದಿನ ತಿಂಗಳು ಬರಿಗೈ. ಸ್ಥಿರ ಆದಾಯಕ್ಕೆ ದಾರಿ ಇದೆಯೇ?

ಉತ್ತರ: ಇದೆ, ನೀವೇ ಕಟ್ಟಿಕೊಟ್ಟದ್ದರ ನಿರ್ವಹಣೆ. ಹೊಸತನ್ನು ಕಟ್ಟುವುದರಲ್ಲಿ ಹೆಸರಿದೆ, ಹಳೆಯದು ನಿಲ್ಲದಂತೆ ನೋಡಿಕೊಳ್ಳುವುದರಲ್ಲಿ ಊಟವಿದೆ ಎಂಬುದು ನಮ್ಮ ಖಚಿತ ಅಭಿಪ್ರಾಯ.

ತಿಂಗಳಿಗೆ ಇಷ್ಟು ಹಣಕ್ಕೆ ಇಷ್ಟು ಗಂಟೆ ಎಂದು ಕರಾರು ಮಾಡಿಕೊಳ್ಳುವಾಗ ಕೆಲಸಗಳ ಹೆಸರು ಹೇಳಿ. ಲೈಬ್ರರಿಗಳ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಭದ್ರತಾ ಅಪ್‌ಡೇಟ್, ಬ್ಯಾಕಪ್ ತೆಗೆಯುವುದು, ಮೂರು ತಿಂಗಳಿಗೊಮ್ಮೆ ಆ ಬ್ಯಾಕಪ್ಪನ್ನು ಬೇರೆ ಯಂತ್ರದಲ್ಲಿ ನಿಜವಾಗಿ ತೆರೆದು ನೋಡುವುದು (ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದಂತೆ), ಡೊಮೇನ್ (ಸೈಟಿನ ವಿಳಾಸ) ನವೀಕರಣ, ಸೈಟ್ ಅಸಲಿ ಎಂದು ಬ್ರೌಸರಿಗೆ ತೋರಿಸುವ ಟಿಎಲ್‌ಎಸ್ ಸರ್ಟಿಫಿಕೇಟ್. ಈ ಕೊನೆಯದರಲ್ಲಿ ಕೆಲಸ ಹೆಚ್ಚುತ್ತಲೇ ಇದೆ. ಬ್ರೌಸರ್ ಕಂಪನಿಗಳೂ ಸರ್ಟಿಫಿಕೇಟ್ ಕೊಡುವವರೂ ಸೇರಿ 2025ರಲ್ಲಿ ಒಪ್ಪಿದ ನಿಯಮದಂತೆ ಸರ್ಟಿಫಿಕೇಟಿನ ಗರಿಷ್ಠ ಅವಧಿ 2026ರ ಮಾರ್ಚ್‌ನಿಂದ 200 ದಿನ, 2027ರ ಮಾರ್ಚ್‌ನಿಂದ 100, 2029ರ ಮಾರ್ಚ್‌ನಿಂದ 47 ದಿನ. ವರ್ಷಕ್ಕೊಮ್ಮೆ ಕೈಯಲ್ಲಿ ಬದಲಿಸುತ್ತಿದ್ದವರಿಗೆಲ್ಲ ಇನ್ನು ಅದನ್ನು ತಾನಾಗಿ ನಡೆಯುವಂತೆ ಮಾಡಿಕೊಡುವವರು ಬೇಕು. ಹಳೆಯ ಕ್ಲೈಂಟ್‌ಗಳಿಗೆ ಇದೊಂದನ್ನೇ ವಿಷಯವಾಗಿಟ್ಟುಕೊಂಡು ಪತ್ರ ಬರೆಯಬಹುದು.

ಕರಾರಿನಲ್ಲಿ 'ನಾಲ್ಕು ಗಂಟೆಯಲ್ಲಿ ಸರಿಮಾಡಿಕೊಡುತ್ತೇವೆ' ಎಂದು ಬರೆಯಬೇಡಿ, 'ನಾಲ್ಕು ಗಂಟೆಯಲ್ಲಿ ಉತ್ತರಿಸಿ ಕೆಲಸ ಶುರು ಮಾಡುತ್ತೇವೆ' ಎನ್ನಿ. ಯಾವ ದೋಷ ಎಷ್ಟು ಹೊತ್ತು ಹಿಡಿಯುತ್ತದೆಂದು ಯಾರೂ ಮೊದಲೇ ಹೇಳಲಾರರು. ಬಳಸದೆ ಉಳಿದ ಗಂಟೆ ಒಂದು ತಿಂಗಳಿಗಿಂತ ಮುಂದಕ್ಕೆ ಹೋಗದು ಎಂಬುದೂ ಇರಲಿ. ಇಲ್ಲದಿದ್ದರೆ ವರ್ಷದ ಕೊನೆಗೆ 'ನಮ್ಮ 60 ಗಂಟೆ ಬಾಕಿ ಇದೆ' ಎನ್ನುತ್ತ ಹೊಸ ಆ್ಯಪನ್ನೇ ಕೇಳುತ್ತಾರೆ.

ಪ್ರಶ್ನೆ: ಮೊಬೈಲ್ ಆ್ಯಪ್ ಮಾಡಿ ಜಾಹೀರಾತಿನಿಂದ ದುಡಿಯಬಹುದೇ?

ಉತ್ತರ: ಜನ ತುಂಬಾ ಇದ್ದರೆ. ದಿನಕ್ಕೆ 1000 ಮಂದಿ ತೆರೆಯುತ್ತಾರೆ, ಪ್ರತಿಯೊಬ್ಬರೂ 4 ಜಾಹೀರಾತು ನೋಡುತ್ತಾರೆ, ಸಾವಿರ ಜಾಹೀರಾತಿಗೆ ಒಂದು ಡಾಲರ್ ಎಂದುಕೊಳ್ಳಿ. ದಿನಕ್ಕೆ ಬಂದದ್ದು 4 ಡಾಲರ್. ಅದೇ ಸಾವಿರದಲ್ಲಿ 20 ಮಂದಿ ತಿಂಗಳಿಗೆ 10 ಡಾಲರ್ ಕೊಟ್ಟು ಬಳಸುವಂತಹದ್ದನ್ನು ಮಾಡಿದರೆ ಕಮಿಷನ್ ಕಳೆದೂ ಹೆಚ್ಚು ಉಳಿಯುತ್ತದೆ. ಸ್ವಂತ ಜಾಹೀರಾತನ್ನು ತಾವೇ ಒತ್ತಿ ನೋಡುವ ಕೆಲಸ ಬೇಡ, ಖಾತೆ ಮುಚ್ಚಿಹೋಗುತ್ತದೆ. ಪರೀಕ್ಷೆಗೆಂದೇ ಟೆಸ್ಟ್ ಜಾಹೀರಾತುಗಳಿವೆ.

ಆ್ಯಪಲ್‌ನ ಡೆವಲಪರ್ ಖಾತೆಗೆ ವರ್ಷಕ್ಕೆ 99 ಡಾಲರ್, ಗೂಗಲ್ ಪ್ಲೇಗೆ ಒಂದೇ ಸಲ 25 ಡಾಲರ್. ಆ್ಯಪಲ್ 30 ಶೇಕಡಾ ಕಮಿಷನ್ನನ್ನು ವರ್ಷಕ್ಕೆ 10 ಲಕ್ಷ ಡಾಲರ್ ದಾಟದವರಿಗೆ 15ಕ್ಕೆ ಇಳಿಸಿದ್ದು 2021ರಲ್ಲಿ. ಆದರೆ ಅದು ತಾನಾಗಿ ಸಿಗುವುದಿಲ್ಲ, ಅರ್ಜಿ ಹಾಕಿ ಸೇರಬೇಕು. ಇದು ಗೊತ್ತಿಲ್ಲದೆ ಎರಡು ಪಟ್ಟು ಕಟ್ಟುವವರಿದ್ದಾರೆ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಪ್ಲೇ ಖಾತೆಗಳಿಗೆ ಇನ್ನೊಂದು ಕಟ್ಟಳೆ ಇದೆ: ಕನಿಷ್ಠ 12 ಪರೀಕ್ಷಕರು ಆ್ಯಪಿನ ಪರೀಕ್ಷೆಯಲ್ಲಿ ಸತತ 14 ದಿನ ಸೇರಿಕೊಂಡಿದ್ದರೆ ಮಾತ್ರ ಆ್ಯಪನ್ನು ಎಲ್ಲರಿಗೂ ಬಿಡಲು ಅರ್ಜಿ ಹಾಕಬಹುದು. ನಡುವೆ ಒಬ್ಬಿಬ್ಬರು ಹೊರಹೋದರೂ ಸಂಖ್ಯೆ ಕೆಳಗಿಳಿಯದಂತೆ 18–20 ಮಂದಿಯನ್ನು ಸೇರಿಸಿಕೊಳ್ಳಿ.

ಪ್ರಶ್ನೆ: ತಿಂಗಳ ಚಂದಾದ ಮೇಲೆ ನಡೆಯುವ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿದ್ದೇನೆ. ಮೊದಲ ವರ್ಷ ಚೆನ್ನಾಗಿ ಬೆಳೆಯಿತು. ಈಗ 200 ಗ್ರಾಹಕರಲ್ಲೇ ನಿಂತಿದೆ. ಪ್ರಚಾರ ಹೆಚ್ಚಿಸಬೇಕೇ?

ಉತ್ತರ: ಮೊದಲು ಎಷ್ಟು ಜನ ಬಿಟ್ಟು ಹೋಗುತ್ತಿದ್ದಾರೆ ಎಣಿಸಿ. ತಿಂಗಳಿಗೆ ಹತ್ತು ಹೊಸಬರು ಬರುತ್ತಿದ್ದು, ಇರುವವರಲ್ಲಿ 5 ಶೇಕಡಾ ಬಿಡುತ್ತಿದ್ದರೆ, 200 ಮುಟ್ಟಿದ ತಿಂಗಳು ಬಿಡುವವರೂ ಹತ್ತು. ಬರುವ ಸಂಖ್ಯೆಯನ್ನು ಬಿಡುವ ಪ್ರಮಾಣದಿಂದ ಭಾಗಿಸಿದರೆ ಸಿಗುವುದೇ ನಿಮ್ಮ ಛಾವಣಿ: 10 ಭಾಗಿಸು 0.05, ಅಂದರೆ 200. ಬಿಡುವವರನ್ನು 2.5 ಶೇಕಡಾಕ್ಕೆ ಇಳಿಸಿದರೆ ಪ್ರಚಾರಕ್ಕೆ ಕಾಸೂ ಹಾಕದೆ ಛಾವಣಿ 400ಕ್ಕೆ ಏರುತ್ತದೆ. ತಿಂಗಳಿಗೆ 5 ಶೇಕಡಾ ಎಂಬುದು ಕೇಳಲು ಕಡಿಮೆ, ಆದರೆ ಹನ್ನೆರಡು ತಿಂಗಳಲ್ಲಿ ಮೊದಲಿದ್ದ ನೂರರಲ್ಲಿ 54 ಮಂದಿ ಮಾತ್ರ ಉಳಿದಿರುತ್ತಾರೆ.

ಬಿಟ್ಟವರನ್ನು ಎರಡು ಗುಂಪು ಮಾಡಿ. ಬೇಡವೆಂದು ಬಿಟ್ಟವರು ಒಂದು. ಕಾರ್ಡ್ ಅವಧಿ ಮುಗಿದೋ, ಬ್ಯಾಂಕ್ ತಡೆದೋ, ತಮಗೇ ಗೊತ್ತಿಲ್ಲದೆ ಕಳಚಿಕೊಂಡವರು ಇನ್ನೊಂದು. ಎರಡನೇ ಗುಂಪನ್ನು ವಾಪಸು ತರುವುದು ಸುಲಭ. ಪಾವತಿ ವಿಫಲವಾದ ದಿನ, 3ನೇ ದಿನ, 7ನೇ ದಿನ ಮತ್ತೆ ಪ್ರಯತ್ನಿಸಿ, ಪ್ರತಿ ಸಲ ಮೇಲ್ ಹೋಗಲಿ. ಅಲ್ಲಿಯವರೆಗೂ ಖಾತೆ ಮುಚ್ಚಬೇಡಿ, ಬಿಲ್ಲಿಂಗ್ ನಿಂತರೆ ಅವರ ವ್ಯಾಪಾರವೇ ನಿಲ್ಲುತ್ತದೆ. ಮೊದಲ ಗುಂಪಿಗೆ ಫೋನ್ ಮಾಡಿ ಕೇಳುವುದಲ್ಲದೆ ಬೇರೆ ಉಪಾಯವಿಲ್ಲ.

ಪ್ರಶ್ನೆ: ನನ್ನ ಓಪನ್ ಸೋರ್ಸ್ (ಕೋಡ್ ಎಲ್ಲರಿಗೂ ತೆರೆದಿಟ್ಟ) ಲೈಬ್ರರಿಯನ್ನು ದೊಡ್ಡ ಕಂಪನಿಗಳೂ ಬಳಸುತ್ತವೆ. ಒಂದು ಕಾಸೂ ಬರುವುದಿಲ್ಲ.

ಉತ್ತರ: ಲೈಸೆನ್ಸ್ ಎಂಐಟಿ (ಯಾರು ಬೇಕಾದರೂ ಉಚಿತವಾಗಿ ಬಳಸಬಹುದು ಎನ್ನುವಂಥದ್ದು) ಆಗಿದ್ದರೆ ಕೋಡಿಗೆ ಹಣ ಕೇಳುವ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ, ಜೊತೆಗಿನ ಸೇವೆಗೆ ಕೇಳಬಹುದು. ಜಿಪಿಎಲ್ (ಇದನ್ನು ಸೇರಿಸಿ ಹಂಚುವ ಪ್ರೋಗ್ರಾಮಿನ ಕೋಡನ್ನೂ ತೆರೆದಿಡಬೇಕು ಎನ್ನುವಂಥದ್ದು) ಆಗಿದ್ದರೆ ಎರಡು ಲೈಸೆನ್ಸಿನ ದಾರಿ ಇದೆ. ಮೈಎಸ್‌ಕ್ಯೂಎಲ್ ಡೇಟಾಬೇಸ್ ಮತ್ತು ಆ್ಯಪ್ ಕಟ್ಟಲು ಬಳಸುವ ಕ್ಯೂಟಿ ನಡೆದದ್ದು ಹಾಗೆಯೇ: ತಮ್ಮ ಕೋಡ್ ತೆರೆದಿಡಲೊಲ್ಲದ ಕಂಪನಿ ದುಡ್ಡು ಕೊಟ್ಟು ಬೇರೆ ಲೈಸೆನ್ಸ್ ಕೊಳ್ಳುತ್ತದೆ. ಇದಕ್ಕೆ ಪ್ರತಿ ಸಾಲಿನ ಹಕ್ಕೂ ನಿಮ್ಮ ಬಳಿ ಇರಬೇಕು. ಹೊರಗಿನವರು ಕಳಿಸಿದ ಕೋಡನ್ನು ಒಪ್ಪಂದವಿಲ್ಲದೆ ಸೇರಿಸಿದ್ದರೆ ಒಬ್ಬೊಬ್ಬರನ್ನೂ ಕೇಳಿ ಬರಬೇಕಾಗುತ್ತದೆ.

ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಕೋಡ್ ಯಾರ ಹಕ್ಕಿಗೂ ಸೇರದ ಸಾರ್ವಜನಿಕ ಸ್ವತ್ತು, ಲೈಸೆನ್ಸೇ ಬೇಕಿಲ್ಲ. ಆದರೂ ಕಾಗದ ಕೈಯಲ್ಲಿದ್ದರೇ ನೆಮ್ಮದಿ ಎನ್ನುವ ಕಂಪನಿಗಳ ವಕೀಲರಿಗಾಗಿ ಅದನ್ನು ಬರೆದವರು ಹಕ್ಕಿನ ಖಾತ್ರಿಪತ್ರ ಮಾರುತ್ತಾರೆ. ಬೆಂಬಲ ಕರಾರು ಮತ್ತು ಸದಸ್ಯತ್ವದ ಹಣ ಬೇರೆ. ಕಂಪನಿಯೊಳಗಿನ ಪ್ರೋಗ್ರಾಮರ್ ದೇಣಿಗೆಗೆ ಮಂಜೂರಾತಿ ಪಡೆಯಲಾರ, ಇನ್‌ವಾಯ್ಸ್‌ಗೆ ಪಡೆಯಬಲ್ಲ. ಹಾಗಾಗಿ 'ಕಾಫಿ ಕೊಡಿಸಿ' ಬಟನ್ ತೆಗೆದು 'ವಾರ್ಷಿಕ ಬೆಂಬಲ, ಎರಡು ಕೆಲಸದ ದಿನದೊಳಗೆ ಉತ್ತರ' ಎಂದು ದರ ಹಾಕಿ.

ಪ್ರಶ್ನೆ: ಕೆಲಸದಲ್ಲಿದ್ದುಕೊಂಡೇ ಸಂಜೆ ಸ್ವಂತ ಆ್ಯಪ್ ಬರೆಯಬಹುದೇ?

ಉತ್ತರ: ನೇಮಕಾತಿ ಕರಾರಿನಲ್ಲಿ ಹಕ್ಕುಸ್ವಾಮ್ಯ ಮತ್ತು ಹೊರಗಿನ ಕೆಲಸದ ಕಲಮುಗಳನ್ನು ಮೊದಲು ಓದಿ. ಅನುಮತಿ ಬೇಕೆಂದಿದ್ದರೆ ಬರಹದಲ್ಲೇ ಪಡೆಯಿರಿ. ಕಂಪನಿಯ ಲ್ಯಾಪ್‌ಟಾಪ್, ಮೇಲ್, ಎಐ ಚಂದಾ ಯಾವುದನ್ನೂ ಮುಟ್ಟಬೇಡಿ.

ಪ್ರಶ್ನೆ: ವಿದೇಶದ ಕೆಲಸ ಎಂದು ಸಂದೇಶ ಬಂತು. ಪರೀಕ್ಷೆಗೆಂದು ಅವರೇ ಒಂದು ಪ್ರಾಜೆಕ್ಟ್ ಕಳಿಸಿದ್ದಾರೆ, ಓಡಿಸಿ ನೋಡಿ ಎನ್ನುತ್ತಾರೆ. ನಂಬಬಹುದೇ?

ಉತ್ತರ: ನಿಮ್ಮ ಸ್ವಂತ ಯಂತ್ರದಲ್ಲಿ ಓಡಿಸಬೇಡಿ. ಜಾವಾಸ್ಕ್ರಿಪ್ಟ್ ಪ್ಯಾಕೇಜುಗಳನ್ನು ಇಳಿಸಿಕೊಳ್ಳಲು ಎನ್‌ಪಿಎಂ ಇನ್‌ಸ್ಟಾಲ್ ಎಂದು ಒತ್ತಿದ ಕೂಡಲೇ ಪ್ಯಾಕೇಜಿನೊಳಗಿನ ಸ್ಕ್ರಿಪ್ಟ್‌ಗಳು ಓಡಬಲ್ಲವು. ನೀವು ಪ್ರೋಗ್ರಾಂ ಶುರು ಮಾಡುವ ಮೊದಲೇ ಬ್ರೌಸರಿನ ಪಾಸ್‌ವರ್ಡ್, ಕ್ರಿಪ್ಟೋ ವಾಲೆಟ್, ಸರ್ವರಿಗೆ ಪ್ರವೇಶ ಕೊಡುವ ಎಸ್‌ಎಸ್‌ಎಚ್ ಕೀ ಹೋಗಿರಬಹುದು. ಎಡಿಟರ್ 'ಈ ಫೋಲ್ಡರ್ ಬರೆದವರನ್ನು ನಂಬುತ್ತೀರಾ' ಎಂದು ಕೇಳಿದಾಗ ಯೋಚಿಸದೆ ಹೌದು ಒತ್ತುವುದೂ ಅಷ್ಟೇ ಅಪಾಯ. ಏನೂ ಇಲ್ಲದ ವರ್ಚುವಲ್ ಮಷೀನಿನಲ್ಲಿ (ನಿಮ್ಮ ಫೈಲುಗಳಿಂದ ಬೇರೆಯಾಗಿ ಓಡುವ ತೋರಿಕೆಯ ಕಂಪ್ಯೂಟರ್) ತೆರೆಯಿರಿ. ಅವಸರ ಮಾಡಿದರೆ, ತರಬೇತಿಗೋ ಸಲಕರಣೆಗೋ ಮೊದಲು ಹಣ ಕೇಳಿದರೆ, ಮುಂದೆ ಮಾತೇ ಬೇಡ.

ಪ್ರಶ್ನೆ: ಕ್ಲೈಂಟ್ ಬಾಕಿ ಕೊಡುವುದಿಲ್ಲವೆಂಬ ಅನುಮಾನ. ನಿಗದಿತ ದಿನಕ್ಕೆ ಸೈಟ್ ತಾನಾಗಿ ನಿಲ್ಲುವಂತೆ ಕೋಡಿನಲ್ಲೇ ಗುಟ್ಟಾಗಿ ಬರೆದಿಡಲೇ?

ಉತ್ತರ: ಬೇಡವೇ ಬೇಡ. ಹೇಳದೆ ಇಟ್ಟ ಅಂಥ ಕೋಡ್ ಸಿಕ್ಕಿಬಿದ್ದರೆ ಬಾಕಿ ಕೊಡಬೇಕಾದವರು ದೂರುದಾರರಾಗುತ್ತಾರೆ, ನೀವು ಆರೋಪಿ. ಕೋಡಿನಲ್ಲಿ ಮಾಡುವ ಬದಲು ಒಪ್ಪಿಸುವ ಕ್ರಮದಲ್ಲಿ ಮಾಡಿ. ಕೊನೆಯ ಕಂತಿನವರೆಗೂ ಕೆಲಸವನ್ನು ನಿಮ್ಮ ಸರ್ವರಿನಲ್ಲೇ ತೋರಿಸಿ. ಹಣ ಬಂದ ಮೇಲೆ ಸೋರ್ಸ್ ಕೋಡ್ ಅವರ ಖಾತೆಗೆ ಹೋಗಲಿ. ಪೂರ್ತಿ ಹಣ ಸಂದಾಯವಾದಾಗಲೇ ಹಕ್ಕುಸ್ವಾಮ್ಯ ವರ್ಗಾವಣೆ ಎಂಬ ಸಾಲು ಕರಾರಿನಲ್ಲಿರಲಿ. ಡೊಮೇನ್ ಮಾತ್ರ ಮೊದಲ ದಿನದಿಂದಲೂ ಅವರ ಹೆಸರಿನಲ್ಲೇ ಇರಬೇಕು, ಅದನ್ನು ಒತ್ತೆ ಇಟ್ಟುಕೊಳ್ಳುವುದು ಬೇಡ.

ಗಡುವು ದಾಟಿದ ಮರುದಿನ ನೆನಪಿನ ಮೇಲ್, 7ನೇ ದಿನ ಫೋನ್, 15ನೇ ದಿನ ಕೆಲಸ ನಿಲ್ಲಿಸುವ ಲಿಖಿತ ಸೂಚನೆ, 30ನೇ ದಿನ ವಕೀಲರ ನೋಟಿಸ್. ಫೋನನ್ನು ಲೆಕ್ಕಪತ್ರ ವಿಭಾಗಕ್ಕೇ ಮಾಡಿ. ಎಷ್ಟೋ ಬಿಲ್ಲುಗಳು ಪರ್ಚೇಸ್ ಆರ್ಡರ್ (ಕಂಪನಿಯ ಖರೀದಿ ಆದೇಶ) ಸಂಖ್ಯೆ ಇಲ್ಲವೆಂಬ ಒಂದೇ ಕಾರಣಕ್ಕೆ ಅಲ್ಲಿ ಬಿದ್ದಿರುತ್ತವೆ, ಮತ್ತು ಅದನ್ನು ಕೇಳದೆ ಯಾರೂ ಹೇಳುವುದಿಲ್ಲ.