ಓದುಗರ ಪ್ರಶ್ನೆ: ಎಕ್ಸ್ ಅಕ್ಷರದ ಪೇಚು

● ಮಕ್ಕಳು ನೇಮ್-ಪ್ಲೇಸ್-ಅನಿಮಲ್-ಥಿಂಗ್ ಆಡುವಾಗ ಎಕ್ಸ್ ಬಂದರೆ ಆಟ ಅಲ್ಲಿಗೇ ನಿಲ್ಲುತ್ತದೆ. ನಾಲ್ಕು ಕಾಲಮ್ಮಿಗೂ ಪದಗಳಿವೆಯೇ?
– ಓದುಗರು, ಶಿರಸಿ

ಇವೆ. ಹೆಸರಿಗೆ ಝೇವಿಯರ್, ಚರಿತ್ರೆಯ ಹೆಸರು ನಡೆಯುತ್ತದೆ ಎಂದಾದರೆ ಪರ್ಷಿಯಾದ ದೊರೆ ಝರ್ಕ್ಸೀಸ್, ಸಾಕ್ರಟೀಸನ ಹೆಂಡತಿ ಝಾಂತಿಪಿ. ಊರಿಗೆ ಚೀನಾದ ಶಿಆನ್, ಮಣ್ಣಿನ ಸೈನಿಕರ ಪಡೆ ಸಿಕ್ಕ ಜಾಗ. ಪ್ರಾಣಿಗೆ ಝೀರಸ್: ಎಕ್ಸ್, ಇ, ಆರ್, ಯು, ಎಸ್. ಇದು ಆಫ್ರಿಕಾದಲ್ಲಿ ನೆಲದ ಬಿಲದೊಳಗೆ ಬದುಕುವ ಅಳಿಲು. ವಸ್ತುವಿಗೆ ಝೈಲೊಫೋನ್. ಎಲ್ಲರೂ ‘ಎಕ್ಸ್‌ರೇ’ ಬರೆದರೆ ಹತ್ತರ ಬದಲು ಐದೈದೇ ಅಂಕ; ಝೀರಸ್ ಬರೆದ ಮಗುವಿಗೆ ಪೂರ್ತಿ ಹತ್ತು ಗ್ಯಾರಂಟಿ.

ಹೆಚ್ಚು ಜಗಳ ಆಗುವುದು ಎಕ್ಸಾಮ್, ಎಕ್ಸ್‌ಟ್ರಾ, ಎಕ್ಸ್‌ಪ್ರೆಸ್ ಬರೆದಾಗ. ಕಿವಿಗೆ ‘ಎಕ್ಸ್’ ಎಂದು ಕೇಳಿಸುತ್ತದೆ ನಿಜ, ಆದರೆ ಇವು ಶುರುವಾಗುವುದು ‘ಇ’ ಅಕ್ಷರದಿಂದ. ಅಂಕ ಕೊಡಬೇಡಿ.

● ಬರೆಯುವುದು ಎಕ್ಸ್, ಓದುವುದು ಝ. ಏಕೆ ಹೀಗೆ?
– ಓದುಗರು, ತುಮಕೂರು

ಈ ಪದಗಳಲ್ಲಿ ಬಹುಪಾಲು ಗ್ರೀಕ್ ಮೂಲದವು. ಗ್ರೀಕರು ಪದದ ಮೊದಲಿಗೇ ‘ಕ್ಸ’ ಎಂದು ಉಚ್ಚರಿಸುತ್ತಿದ್ದರು. ಇಂಗ್ಲಿಷಿನವರ ನಾಲಗೆಗೆ ಪದದ ಆರಂಭದಲ್ಲಿ ಆ ಒತ್ತಕ್ಷರ ಒಗ್ಗುವುದಿಲ್ಲ, ‘ಝ’ ಆಯಿತು. ಸೈಕಾಲಜಿಯ ‘ಪಿ’ ಮಾಯವಾದದ್ದೂ ಇದೇ ಕಾರಣಕ್ಕೆ. ಪದದ ನಡುವೆ, ಕೊನೆಯಲ್ಲಿ ತೊಂದರೆ ಇಲ್ಲ: ಟ್ಯಾಕ್ಸಿ, ಬಾಕ್ಸ್. ಒಂದೇ ಪದದಲ್ಲಿ ಎರಡೂ ಬೇಕೆಂದರೆ ಜೆರಾಕ್ಸ್ ನೋಡಿ. ಮುಂದೆ ಝ, ಹಿಂದೆ ಕ್ಸ್. ನಮಗಾದರೋ ಕ್ಷಮೆ, ಕ್ಷೀರ ಎಂದು ಶುರುಮಾಡುವುದು ಸಲೀಸು. ಅದಕ್ಕೇ ಜೀವಶಾಸ್ತ್ರದ ಪಾಠದಲ್ಲಿ, ಗಿಡದೊಳಗೆ ನೀರು ಸಾಗಿಸುವ ಅಂಗಾಂಶದ ಹೆಸರು ಕ್ಸೈಲಂ ಎಂದೇ ನಿಂತಿತು. ಅಂಗಡಿಯ ಬೋರ್ಡಿನ ‘ಜೆರಾಕ್ಸ್’ ಮಾತ್ರ ಇಂಗ್ಲಿಷ್ ಉಚ್ಚಾರಕ್ಕೆ ಹತ್ತಿರ. ಬೋರ್ಡು ಬರೆದವರನ್ನು ಆಡಿಕೊಳ್ಳಬೇಡಿ.

ಆ ಹೆಸರಿನ ಬೇರು ‘ಒಣ’ ಎಂಬ ಅರ್ಥದ ಗ್ರೀಕ್ ಪದ. ಅಮೆರಿಕದ ಸಂಶೋಧಕ ಚೆಸ್ಟರ್ ಕಾರ್ಲ್‌ಸನ್ 1938ರ ಅಕ್ಟೋಬರ್ 22ರಂದು ದ್ರವ ರಾಸಾಯನಿಕವಿಲ್ಲದೆ, ಒಣ ಪುಡಿಯಿಂದ ಮೊದಲ ಪ್ರತಿ ತೆಗೆದ. ಆ ವಿಧಾನಕ್ಕೆ ‘ಒಣ ಬರಹ’ ಎಂಬ ಅರ್ಥದ ಹೆಸರು ಬಿತ್ತು, ಜೆರಾಕ್ಸ್ ಕಂಪನಿಯ ಹೆಸರು ಅದರಿಂದ ಹುಟ್ಟಿತು.

ವ್ಯಾಕರಣದಲ್ಲೂ ಉಚ್ಚಾರವೇ ಲೆಕ್ಕ. ಎಕ್ಸ್‌ರೇ ಸ್ವರದಿಂದ ಶುರುವಾಗುವುದರಿಂದ ಅದರ ಹಿಂದೆ ‘ಆ್ಯನ್’. ಝೈಲೊಫೋನ್ ಹಿಂದೆ ಬರೀ ‘ಎ’.

● ಶಾಲೆಯಲ್ಲಿ ಹ್ಯೂಯೆನ್‌ತ್ಸಾಂಗ್ ಎಂದು ಓದಿದ್ದೆವು. ಮಗಳ ಇಂಗ್ಲಿಷ್ ಪುಸ್ತಕದಲ್ಲಿ ಎಕ್ಸ್‌ನಿಂದ ಶುರುವಾಗುವ ಹೆಸರಿದೆ. ಇಬ್ಬರೂ ಒಬ್ಬರೇ?
– ಓದುಗರು, ಬಾದಾಮಿ

ಒಬ್ಬರೇ. ಏಳನೇ ಶತಮಾನದಲ್ಲಿ ಬಂದು ನಿಮ್ಮ ಊರಿನ ದೊರೆ ಇಮ್ಮಡಿ ಪುಲಕೇಶಿಯ ಬಗ್ಗೆ ಬರೆದಿಟ್ಟ ಯಾತ್ರಿಕ. ನಾವು ಕಲಿತದ್ದು ಯುರೋಪಿನವರ ಹಳೆಯ ಸ್ಪೆಲ್ಲಿಂಗಿನ ಕನ್ನಡ ರೂಪ. 1958ರಲ್ಲಿ ಚೀನಾ ಪಿನ್‌ಯಿನ್ ಎಂಬ ಹೊಸ ರೋಮನ್ ಬರಹವನ್ನು ಒಪ್ಪಿಕೊಂಡಿತು. ಅದರಲ್ಲಿ ಎಕ್ಸ್ ಎಂದರೆ ಸುಮಾರು ನಮ್ಮ ತಾಲವ್ಯ ‘ಶ’. ನಾಲಗೆಯ ತುದಿಯನ್ನು ಕೆಳಹಲ್ಲಿನ ಹಿಂದೆ ಇಟ್ಟು ‘ಶಿ’ ಎನ್ನಿ, ಸರಿಹೋಗುತ್ತದೆ. ನಾಲಗೆ ಮೇಲೆ ಮಡಿಸುವ ‘ಷ’ ಅಲ್ಲ. ಹಾಗಾಗಿ ಶ್ವೆನ್‌ತ್ಸಾಂಗ್, ಶಾವೊಮಿ, ಶಿ ಜಿನ್‌ಪಿಂಗ್. ‘ಕ್ಸಿ’ ಎಂದು ಬರೆದರೆ ತಪ್ಪು. 2014ರಲ್ಲಿ ನಮ್ಮ ದೇಶದ ವಾರ್ತಾವಾಚಕರೊಬ್ಬರು ಎಕ್ಸ್, ಐ ಎಂಬ ಆ ಎರಡಕ್ಷರವನ್ನು ರೋಮನ್ ಅಂಕಿಯೆಂದು ತಿಳಿದು ‘ಇಲೆವೆನ್ ಜಿನ್‌ಪಿಂಗ್’ ಎಂದು ಓದಿಬಿಟ್ಟರು! ಶಿಆನ್ ಊರಿನ ಸ್ಪೆಲ್ಲಿಂಗಿನಲ್ಲಿ ಐ ಆದ ಮೇಲೆ ಬರುವ ಅಪಾಸ್ಟ್ರಫಿಯನ್ನೂ (’) ಬಿಡಬೇಡಿ. ಬಿಟ್ಟರೆ ‘ಶಿ’ ಮತ್ತು ‘ಆನ್’ ಕೂಡಿ ‘ಶ್ಯೆನ್’ ಆಗುತ್ತದೆ.

● ಗೋವಾದಲ್ಲಿ ಝೇವಿಯರ್ ಅವರನ್ನು ಶಾವಿಯೆರ್ ಅನ್ನುತ್ತಾರಲ್ಲ?
– ಓದುಗರು, ಕಾರವಾರ

ಅದು ಪೋರ್ಚುಗೀಸ್ ರೂಢಿ. ಅಲ್ಲೂ ಪದದ ಮೊದಲ ಎಕ್ಸ್‌ಗೆ ‘ಶ’ ಉಚ್ಚಾರ. ರೋಮನ್ ಲಿಪಿಯ ಕೊಂಕಣಿಯೂ ಅದನ್ನೇ ಉಳಿಸಿಕೊಂಡಿದೆ. ಗೋವಾಕ್ಕೆ 1542ರಲ್ಲಿ ಬಂದ ಸಂತ ಫ್ರಾನ್ಸಿಸ್ ಹುಟ್ಟಿದ್ದು ಸ್ಪೇನಿನ ನವಾರಾದ ಕೋಟೆಯಲ್ಲಿ. ಕೋಟೆಯ ಹೆಸರೇ ಅವರಿಗೆ ಬಂತು. ಮೂಲ ಬಾಸ್ಕ್ ಪದಕ್ಕೆ ‘ಹೊಸ ಮನೆ’ ಎಂದರ್ಥ. ನಮ್ಮ ಹೊಸಮನೆ, ಹೊಸಮನಿ ಮನೆತನದವರು ಬೇಕಿದ್ದರೆ ನಂಟಸ್ತಿಕೆ ಹೇಳಿಕೊಳ್ಳಬಹುದು.

● ನಮ್ಮ ಕಾಡಿನಲ್ಲಿ ಎಕ್ಸ್ ಹೆಸರಿನದು ಏನಾದರೂ ಇದೆಯೇ?
– ಓದುಗರು, ತೀರ್ಥಹಳ್ಳಿ

ಜಂಬೆ ಮರ. ಶಾಸ್ತ್ರೀಯ ಹೆಸರು ಝೈಲಿಯ ಝೈಲೊಕಾರ್ಪ, ‘ಮರದಂಥ ಕಾಯಿಯದು’. ಕಾಯಿ ಮುರಿದು ನೋಡಿ, ಹೆಸರು ಸುಳ್ಳಲ್ಲ. ಬಿದಿರು, ಪಕಾಸಿ ಕೊರೆದು ಗೂಡು ಮಾಡುವ ಕಪ್ಪು ದುಂಬಿ ಝೈಲೊಕೋಪ, ‘ಮರ ಕಡಿಯುವವ’.

● ಎಕ್ಸ್‌ಮಸ್ ಎಂದು ಬರೆದದ್ದನ್ನು ಹೇಗೆ ಓದಬೇಕು?
– ಓದುಗರು, ಮೈಸೂರು

ಕ್ರಿಸ್‌ಮಸ್ ಎಂದೇ. ಅಲ್ಲಿರುವುದು ಗ್ರೀಕಿನಲ್ಲಿ ಕ್ರಿಸ್ತನ ಹೆಸರಿನ ಮೊದಲ ಅಕ್ಷರ ‘ಖೀ’, ಆಕಾರ ಮಾತ್ರ ಎಕ್ಸ್‌ನದು.