ಟೊಲೆಡೊಗೆ ಹೊಸದಾಗಿ ಬಂದವರಿಗೆ: ಮೈಕ್ ಹೆಸ್‌ಮನ್ ಎಂಬ ಆಟಗಾರನ ಬಗ್ಗೆ

ಒಹಾಯೊದ ಟೊಲೆಡೊಗೆ ಈಗಷ್ಟೇ ಬಂದಿರುವ ನೀವು, ಆಫೀಸಿನವರೆಲ್ಲ ಮಡ್ ಹೆನ್ಸ್ ಪಂದ್ಯಕ್ಕೆ ಕರೆಯುತ್ತಿದ್ದಾರೆ, ಕೆಳದರ್ಜೆಯ ಬೇಸ್‌ಬಾಲ್ ತಂಡವೊಂದರ ಮೇಲೆ ಊರಿಗೆ ಊರೇ ಏಕೆ ಇಷ್ಟು ಅಭಿಮಾನ ಇಟ್ಟುಕೊಂಡಿದೆ ಎಂದು ಕೇಳಿದ್ದೀರಿ. ಇಲ್ಲಿ ಬಹುಕಾಲದಿಂದ ನೆಲೆಸಿರುವ ನಾನು ಮೈಕ್ ಹೆಸ್‌ಮನ್ ಅವರ ವೃತ್ತಿಜೀವನವನ್ನೇ ಇದಕ್ಕೆ ಉತ್ತರವಾಗಿ ಹೇಳುತ್ತೇನೆ.

ಮಡ್ ಹೆನ್ಸ್ ಡೆಟ್ರಾಯಿಟ್ ಟೈಗರ್ಸ್‌ನ ಟ್ರಿಪಲ್-ಎ ತಂಡ, ಅಂದರೆ ಅಮೆರಿಕದ ಅತ್ಯುನ್ನತ ಬೇಸ್‌ಬಾಲ್ ಮಟ್ಟವಾದ ಮೇಜರ್ ಲೀಗ್‌ಗಿಂತ ಒಂದೇ ಮೆಟ್ಟಿಲು ಕೆಳಗಿನದು; ಕೆಳಗಿನ ಮೆಟ್ಟಿಲುಗಳಿಗೆಲ್ಲ ಮೈನರ್ ಲೀಗ್ ಎನ್ನುತ್ತಾರೆ. ಅಲ್ಲಿ ಯಾರಿಗಾದರೂ ಗಾಯವಾದರೆ ಇಲ್ಲಿಂದ ಒಬ್ಬರಿಗೆ ಕರೆ ಬರುತ್ತದೆ; ಗಾಯಾಳು ಚೇತರಿಸಿಕೊಂಡರೆ, ಹೋದವರು ಬಹುಮಟ್ಟಿಗೆ ಮರಳಿ ಬರಬೇಕಾಗುತ್ತದೆ. 1978ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಹೆಸ್‌ಮನ್ ಅವರನ್ನು 1996ರಲ್ಲಿ ಮೇಜರ್ ಲೀಗ್‌ನ ಅಟ್ಲಾಂಟಾ ಬ್ರೇವ್ಸ್ ತಂಡ ಹೊಸ ಆಟಗಾರರ ಆಯ್ಕೆಯ (ಡ್ರಾಫ್ಟ್) 15ನೆಯ ಸುತ್ತಿನಲ್ಲಿ ಆರಿಸಿಕೊಂಡಿತು. ಬ್ರೇವ್ಸ್, ಟೈಗರ್ಸ್, ನ್ಯೂಯಾರ್ಕ್ ಮೆಟ್ಸ್ ಮೂರೂ ಅವರಿಗೆ ಅವಕಾಶ ಕೊಟ್ಟವು. ಆದರೆ ಮೇಜರ್ ಲೀಗ್‌ನಲ್ಲಿ ಅವರಿಗೆ ಸಿಕ್ಕಿದ್ದು ಒಟ್ಟು 109 ಪಂದ್ಯಗಳು, ಹೊಡೆದದ್ದು 14 ಹೋಮ್ ರನ್ (ಚೆಂಡನ್ನು ಬೇಲಿಯಾಚೆ ಕಳಿಸುವ ಹೊಡೆತ), ಬ್ಯಾಟಿಂಗ್ ಸರಾಸರಿ .188, ಅಂದರೆ ಹತ್ತು ಪ್ರಯತ್ನಗಳಲ್ಲಿ ಎರಡು ಯಶಸ್ವಿ ಹೊಡೆತವೂ ಇಲ್ಲ. ಅಲ್ಲಿ ಉಳಿಯಲು ಈ ಸರಾಸರಿ ಸಾಲದು. ಚೆಂಡು ಬ್ಯಾಟಿಗೆ ಸಿಕ್ಕರೆ ಮೈದಾನ ದಾಟುತ್ತಿತ್ತು, ಸಿಗದೆ ಔಟಾಗುವುದೂ ಅಷ್ಟೇ ಹೆಚ್ಚಾಗಿತ್ತು.

ಅವರು ಆಟ ಬಿಡಲಿಲ್ಲ. 2007ರಲ್ಲಿ ಮಡ್ ಹೆನ್ಸ್ ಪರ ಆಡುತ್ತಾ, ಆ ತಂಡವಿರುವ ಇಂಟರ್‌ನ್ಯಾಷನಲ್ ಲೀಗ್‌ನ ಅತ್ಯುತ್ತಮ ಆಟಗಾರರೆನಿಸಿಕೊಂಡರು, 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಅಮೆರಿಕ ತಂಡದಲ್ಲಿದ್ದರು, 2011ರಲ್ಲಿ ಜಪಾನಿನಲ್ಲೂ ಆಡಿದರು. 2015ರ ಆಗಸ್ಟ್ 3ರಂದು, 37ರ ವಯಸ್ಸಿನಲ್ಲಿ, ಟೊಲೆಡೊದ ಇದೇ ಮೈದಾನದಲ್ಲಿ ಮೂರೂ ಬೇಸ್‌ಗಳಲ್ಲಿ ತಮ್ಮವರು ನಿಂತಿದ್ದಾಗ ಅವರು ಹೊಡೆದ ಚೆಂಡು ಬೇಲಿಯಾಚೆ ಬಿದ್ದು ಒಂದೇ ಹೊಡೆತಕ್ಕೆ ನಾಲ್ಕು ರನ್ ಬಂದವು. ಅದು ಅವರ 433ನೆಯ ಮೈನರ್ ಲೀಗ್ ಹೋಮ್ ರನ್. 1930ರ ದಶಕದಿಂದ ಉಳಿದು ಬಂದಿದ್ದ ಬಜ್ ಆರ್ಲೆಟ್ ಅವರ 432ರ ದಾಖಲೆ ಅಂದು ಮುರಿಯಿತು. (ಮೆಕ್ಸಿಕೋದ ಲೀಗ್‌ಗಳನ್ನೂ ಸೇರಿಸಿದರೆ ಹೆಕ್ಟರ್ ಎಸ್ಪಿನೊ ಅವರದೇ ಹೆಚ್ಚು.) ಮೇಲೆ ನೆಲೆ ಸಿಗದ ಆಟಗಾರನನ್ನು ಈ ಊರು ಸೋತವನೆಂದು ಎಂದೂ ಎಣಿಸಲಿಲ್ಲ, ತನ್ನವನೆಂದು ಎದ್ದುನಿಂತು ಗೌರವಿಸಿತು. ನನಗೆ ಟೊಲೆಡೊ ಇಷ್ಟವಾಗಲು ಇದೊಂದು ದೊಡ್ಡ ಕಾರಣ. ಅದೇ ವರ್ಷ ಆಟಕ್ಕೆ ವಿದಾಯ ಹೇಳಿದ ಅವರು ಟೈಗರ್ಸ್ ಸಂಸ್ಥೆಯಲ್ಲೇ ಬ್ಯಾಟಿಂಗ್ ತರಬೇತುದಾರರಾದರು.

ಆದ್ದರಿಂದ ಆಫೀಸಿನವರು ಕರೆದಾಗ ಹೋಗಿ. ಏಪ್ರಿಲ್ ಸಂಜೆ ಚಳಿ ಕೊರೆಯುತ್ತದೆ, ದಪ್ಪ ಜಾಕೆಟ್ ಇರಲಿ. ಹೆಸ್‌ಮನ್ ಹೆಚ್ಚಾಗಿ ಕಾಯುತ್ತಿದ್ದ ಮೂರನೆಯ ಬೇಸ್‌ನ ಕಡೆ ಸೀಟು ಕೇಳಿ ಪಡೆಯಿರಿ. ಯಾವ ಆಟಗಾರ ಡೆಟ್ರಾಯಿಟ್‌ನಿಂದ ಈಗಷ್ಟೇ ಮರಳಿದ್ದಾನೆಂದು ಪಕ್ಕದವರನ್ನು ವಿಚಾರಿಸಿ, ಅವರು ಸಂತೋಷದಿಂದ ವಿವರಿಸುತ್ತಾರೆ.