ಬಿಡುವುದಾದರೆ ಊರುಗಳನ್ನು ಬಿಡಿ, ಸಂಗೀತವನ್ನಲ್ಲ

ಪತ್ರ: ಹಗಲು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ರಾತ್ರಿ ಒಬ್ಬನೇ ಕೂತು ಒಂದು ಕಂಪ್ಯೂಟರ್ ಗೇಮ್ ಮಾಡುತ್ತಿದ್ದೇನೆ. ಮಳೆಗಾಲದ ಮಲೆನಾಡು, ಏಳು ಊರು, ಕಳೆದುಹೋದ ಹಸುವನ್ನು ಹುಡುಕುವ ಹುಡುಗಿ. ಚಿತ್ರ, ಕೋಡ್, ಸಂಗೀತ ಮೂರೂ ನನ್ನದೇ. ಎರಡು ವರ್ಷವಾದರೂ ಮುಗಿದಿಲ್ಲ. ‘ಸಂಗೀತ ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಕೋಡ್ ಒಂದನ್ನೇ ಹಿಡಿ, ಬೆಂಗಳೂರಲ್ಲಿ ಕೆಲಸವಾದರೂ ಆದೀತು’ ಎನ್ನುತ್ತಾನೆ ಗೆಳೆಯ. ಕನ್ನಡದ ಒತ್ತಕ್ಷರಗಳು ಒಡೆದು ಬರುವುದರಿಂದ ಮಾತುಗಳನ್ನು ಇಂಗ್ಲಿಷಿನಲ್ಲೇ ಹಾಕಿದ್ದೇನೆ. ಮೂರರಲ್ಲಿ ಯಾವುದನ್ನು ಬಿಡಲಿ?
– ಓದುಗ, ಸಾಗರ

ಪ್ರಿಯ ಓದುಗರೇ,

ನಿಮ್ಮ ಗೆಳೆಯನ ಮಾತಿನಲ್ಲಿ ಹುರುಳಿಲ್ಲ ಎನ್ನಲಾರೆ. ಸುಗ್ಗಿ ಕಾಲದಲ್ಲಿ ಮಂಡಿಯಿಂದ ಮನೆಗೆ ಬಂದವನಿಗೆ ಊಟಕ್ಕೆ ಕೂರುವುದೇ ಸಾಹಸ. ದೊಡ್ಡ ಕಂಪನಿಗಳು ಚಿತ್ರಕ್ಕೊಬ್ಬರು, ಸಂಗೀತಕ್ಕೊಬ್ಬರು ಎಂದು ಇಟ್ಟುಕೊಂಡಿರುವುದು ಸುಮ್ಮನೆ ಅಲ್ಲ. ಅವನ ಪಾಲಿನ ನ್ಯಾಯ ಇಷ್ಟು.

ಇನ್ನು ನನ್ನ ಮಾತು. ಸಂಗೀತ ಬಿಡು ಎಂದು ಗೆಳೆಯ ಹೇಳುತ್ತಿರುವುದು ಆಟದ ಜೀವವನ್ನೇ ಬಿಡು ಎಂದಂತೆ ಎಂದು ನನ್ನ ಅನುಮಾನ.

ಗೇಮ್ ಮಾಡುವ ಅಮೆರಿಕದ ಟೋಬಿ ಫಾಕ್ಸ್ ಮೊದಲು ಹೆಸರಾದದ್ದು ಒಂದು ವೆಬ್ ಕಾಮಿಕ್‌ಗೆ ಸಂಗೀತ ಮಾಡಿ. 2013ರಲ್ಲಿ ತಮ್ಮದೇ ಆಟಕ್ಕಾಗಿ ಕಿಕ್‌ಸ್ಟಾರ್ಟರ್ ಎಂಬ ಹಣ ಕೂಡಿಸುವ ಜಾಲತಾಣದಲ್ಲಿ ಜನರ ಮುಂದೆ ಕೈಚಾಚಿದರು. ಕೇಳಿದ್ದು 5,000 ಡಾಲರ್, ಬಂದದ್ದು 51,124. ಆ ಆಟ ‘ಅಂಡರ್‌ಟೇಲ್’ 2015ರಲ್ಲಿ ಹೊರಬಂತು. ಚಿತ್ರಕ್ಕೆ ಟೆಮ್ಮಿ ಚಾಂಗ್ ಅವರ ನೆರವು ಪಡೆದ ಫಾಕ್ಸ್, ಸಂಗೀತವನ್ನು ಮಾತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡರು. ಅಷ್ಟೇ ಅಲ್ಲ, ಆಟದ ಒಂದೊಂದು ಭಾಗಕ್ಕೂ ಮೊದಲು ಸಂಗೀತ ಕಟ್ಟಿ ಆಮೇಲೆ ಕೋಡ್ ಬರೆದರು. ದೃಶ್ಯ ಹೇಗೆ ಸಾಗಬೇಕೆಂಬುದು ಅದರಿಂದಲೇ ಗೊತ್ತಾಗುತ್ತಿತ್ತಂತೆ.

ಸಾಗರದವರಿಗೆ ಇದು ಹೊಸದೇನಲ್ಲ. ನಿಮ್ಮ ಸೀಮೆಯ ಬಯಲಾಟದಲ್ಲಿ ಭಾಗವತರು ಪದ ಎತ್ತದೆ ಯಾವ ವೇಷಧಾರಿ ಮಾತಾಡುತ್ತಾನೆ? ಹಾಡುವವರೂ ಅವರೇ, ಆಟ ನಡೆಸುವವರೂ ಅವರೇ. ಪದ ಪುಕ್ಕಟೆ ಸಿಗುತ್ತದೆಂದು ಯಾರದೋ ಧ್ವನಿಮುದ್ರಿಕೆ ಹಾಕಿಕೊಂಡು ಮೇಳ ಹೊರಟರೆ ನೀವು ಬೆಳಗಿನವರೆಗೆ ಕೂರುತ್ತೀರಾ?

ಜಪಾನಿನಲ್ಲಿ ‘ಜುನ್’ ಎಂಬ ಹೆಸರಿನಲ್ಲಿ ‘ತೋಹೋ’ ಆಟಗಳ ಸರಣಿ ಮಾಡುವವರು ಇನ್ನೂ ಒಂದು ಹೆಜ್ಜೆ ಮುಂದೆ. 1990ರ ದಶಕದಲ್ಲಿ, ಟೋಕಿಯೋದಲ್ಲಿ ಓದುತ್ತಿದ್ದಾಗ ಅವರು ಆಟ ಮಾಡಲು ಹೊರಟದ್ದೇ ತಮ್ಮ ಸಂಗೀತಕ್ಕೊಂದು ಜಾಗ ಬೇಕೆಂದು. ಚಿತ್ರಗಳನ್ನೂ ಅವರೇ ಬರೆಯುತ್ತಾರೆ. ಆ ಚಿತ್ರಗಳಲ್ಲಿ ಕೈಗಳು ವಿಚಿತ್ರವಾಗಿರುತ್ತವೆಂದು ಅಭಿಮಾನಿಗಳೇ ನಗುತ್ತಾರೆ, ನಕ್ಕು ಮುಂದಿನ ಆಟವನ್ನೂ ಕೊಳ್ಳುತ್ತಾರೆ. ‘ನನ್ನ ಚಿತ್ರ ಅಷ್ಟಕ್ಕಷ್ಟೇ’ ಎಂದು ಅಳುಕುವವರಿಗೆ ಇದಕ್ಕಿಂತ ಸಮಾಧಾನ ಬೇಕೆ?

ಎರಡು ವರ್ಷದ ಗೊಣಗಾಟಕ್ಕೆ ಮಾತ್ರ ನನ್ನಿಂದ ಮರುಕ ಸಿಗದು. ‘ಕೇವ್ ಸ್ಟೋರಿ’ಯ ಡೈಸುಕೆ ಅಮಾಯ ಬಿಡುವಿನ ವೇಳೆಯಲ್ಲೇ ಐದು ವರ್ಷ ದುಡಿದು, ಸಂಗೀತ ಕಟ್ಟುವ ಸಾಫ್ಟ್‌ವೇರನ್ನೂ ತಾವೇ ಬರೆದು, 2004ರಲ್ಲಿ ಆಟವನ್ನು ಪುಕ್ಕಟೆಯಾಗಿ ಕೊಟ್ಟರು. ಸಿಯಾಟಲ್‌ನ ಎರಿಕ್ ಬರೋನ್ ಥಿಯೇಟರಿನಲ್ಲಿ ಪ್ರೇಕ್ಷಕರಿಗೆ ಕುರ್ಚಿ ತೋರಿಸುವ ಕೆಲಸ ಮಾಡಿಕೊಂಡು ‘ಸ್ಟಾರ್‌ಡ್ಯೂ ವ್ಯಾಲಿ’ ಆಟ ಕಟ್ಟಿದರು. ಚಿತ್ರ, ಕೋಡ್, ಸಂಗೀತ, ಕಥೆ ಎಲ್ಲ ಒಬ್ಬರದೇ. ಬರೆದ ಮುಖಗಳನ್ನು ಅಳಿಸಿ ಅಳಿಸಿ ಮತ್ತೆ ಬರೆದರು. ನಾಲ್ಕೂವರೆ ವರ್ಷ ಹಿಡಿಯಿತು.

‘ಒಂದನ್ನೇ ಹಿಡಿ’ ಎಂಬ ಈ ಉಪದೇಶ ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನವೇ ಶುರುವಾಗುತ್ತದೆ. ಮಗು ಪಿಸಿಎಂಬಿಯೋ ಪಿಸಿಎಂಸಿಯೋ ಎಂದು ತೀರ್ಮಾನವಾಗುತ್ತಿದ್ದಂತೆ ಹಾರ್ಮೋನಿಯಂ ಅಟ್ಟ ಸೇರುತ್ತದೆ, ಬಣ್ಣದ ಡಬ್ಬಿ ಪಕ್ಕದ ಮನೆಯ ಮಗುವಿಗೆ ಹೋಗುತ್ತದೆ. ಶಿವರಾಮ ಕಾರಂತರು ಪುತ್ತೂರಿನಲ್ಲಿ ಕೂತು ಕಾದಂಬರಿ ಬರೆದರು, ಮೂಕಿ ಚಿತ್ರ ತೆಗೆದರು, ಮಕ್ಕಳಿಗೆ ವಿಶ್ವಕೋಶ ಮಾಡಿದರು, ಯಕ್ಷಗಾನವನ್ನು ಅಧ್ಯಯನ ಮಾಡಿ ಹೊಸದಾಗಿ ಕುಣಿಸಿದರು. ‘ನೀವು ನಿಜವಾಗಿ ಏನು?’ ಎಂದು ಅವರನ್ನು ಕೇಳುವ ಧೈರ್ಯ ಯಾರಿಗಿತ್ತೋ ಕಾಣೆ. ಇಂದಿನ ಕಂಪನಿಯೊಂದಕ್ಕೆ ಅರ್ಜಿ ಹಾಕಿದ್ದರೆ ‘ಸ್ಪೆಷಲೈಸೇಶನ್’ ಎಂಬ ಖಾನೆ ತುಂಬಲಾರದೆ ಅಲ್ಲೇ ಬಿಟ್ಟು ಎದ್ದು ಬರುತ್ತಿದ್ದರು.

ಬೆಂಗಳೂರಿನ ಆಸೆ ತೋರಿಸಿದ್ದಾನಲ್ಲ ಗೆಳೆಯ, ಅಲ್ಲಿಯ ಕಥೆಯನ್ನೂ ಕೇಳಿ. ಧ್ರುವ ಇಂಟರಾಕ್ಟಿವ್ ಎಂಬ ಕಂಪನಿ 1997ರಲ್ಲೇ ಅಲ್ಲಿ ಶುರುವಾಯಿತು. ಹೊರದೇಶದ ದೊಡ್ಡ ಆಟಗಳಿಗೆ ಕಾರು, ಕಟ್ಟಡಗಳನ್ನು ಚೊಕ್ಕವಾಗಿ ಮಾಡಿಕೊಟ್ಟು ಹೆಸರು ಗಳಿಸಿತು. 2019ರಲ್ಲಿ ಅಮೆರಿಕದ ಗೇಮ್ ಕಂಪನಿ ರಾಕ್‌ಸ್ಟಾರ್ ಅದನ್ನು ಕೊಂಡಿತು. ಅನಿಮೇಶನ್ ಮತ್ತು ಗೇಮಿಂಗ್‌ಗೆಂದೇ ರಾಜ್ಯ ಸರ್ಕಾರ 2012ರಲ್ಲಿ ನೀತಿಯನ್ನೂ ತಂದಿತು. ಕೈಚಳಕಕ್ಕೆ ನಮ್ಮಲ್ಲಿ ಎಂದೂ ಬರವಿರಲಿಲ್ಲ. ಆದರೆ ಇಷ್ಟು ವರ್ಷಗಳಲ್ಲಿ ನಾವು ತಿದ್ದಿ ತೀಡಿದ ಬೀದಿಗಳಲ್ಲಿ ನಡೆದಾಡಿದ್ದು ಬಹುಪಾಲು ಬೇರೆಯವರ ಕಥೆ. ನಿಮ್ಮ ಹುಡುಗಿಯ ಹಸು ಆ ಬೀದಿಗಳಲ್ಲಿ ಸಿಗುವುದಿಲ್ಲ.

ಹಾಗಾಗಿ ಏನನ್ನಾದರೂ ಬಿಡಲೇಬೇಕಿದ್ದರೆ ಏಳು ಊರಿನಲ್ಲಿ ಆರನ್ನು ಬಿಡಿ. ಒಂದು ಮನೆ, ಒಂದು ತೋಟ, ತುಂಬಿದ ಹೊಳೆ ಸಾಕು. ಅದಕ್ಕೆ ಬೇಕಾದ ಸಂಗೀತವನ್ನು ಮೊದಲು ಮುಗಿಸಿ.

ಕೊನೆಗೆ ಒಂದು ಜಗಳ ಉಳಿದಿದೆ. ಮಲೆನಾಡಿನ ಹುಡುಗಿ ಹಸುವನ್ನು ಇಂಗ್ಲಿಷಿನಲ್ಲಿ ಕರೆಯುವುದೇ? ಅಕ್ಷರ ಒಡೆಯುವುದು ನಿಜವಾದ ತೊಂದರೆ, ಗೊತ್ತು. ಒತ್ತು, ಗುಣಿತಗಳನ್ನು ಜೋಡಿಸುವ ಬುದ್ಧಿಯನ್ನು ಹಲವು ಗೇಮ್ ಎಂಜಿನ್‌ಗಳಿಗೆ, ಅಂದರೆ ಆಟ ಕಟ್ಟುವ ಸಾಫ್ಟ್‌ವೇರ್‌ಗಳಿಗೆ, ಯಾರೂ ಕಲಿಸಿಲ್ಲ. ಕೋಟಿಗಟ್ಟಲೆ ಜನರ ಲಿಪಿ ಯಾರ ಪಟ್ಟಿಯಲ್ಲೂ ಮೇಲೆ ಬರುವುದಿಲ್ಲ, ನಾವೂ ಕೇಳಿ ಕಾಡಿಸುವುದಿಲ್ಲ. 2023ರಲ್ಲಿ ಬಂದ ಗೋಡೋ 4 ಎಂಬ ಉಚಿತ ಎಂಜಿನ್‌ನಲ್ಲಿ ಭಾರತೀಯ ಲಿಪಿಗಳನ್ನು ಜೋಡಿಸುವ ವ್ಯವಸ್ಥೆ ಇದೆ, ಪ್ರಯತ್ನಿಸಿ. ಈಗ ಎಂಜಿನ್ ಬದಲಿಸುವುದು ಕಷ್ಟವಾದರೆ ಅವಳ ಮಾತುಗಳನ್ನು ನಿಮ್ಮ ಕೈಯಲ್ಲೇ ಬರೆದು ಚಿತ್ರಗಳಾಗಿ ಅಂಟಿಸಿ. ಆಟವನ್ನೇ ಕಿರಿದು ಮಾಡಿದ ಮೇಲೆ ಎಷ್ಟು ಸಾಲು ಉಳಿದೀತು? ಚಿತ್ರ ಬರೆಯುವುದಂತೂ ನಿಮಗೆ ಬರುತ್ತದೆ.

– ಸಂಪಾದಕ